ಹಳೆಯ ಬುಲೆಟ್‌ಗೆ ಹೊಸ ಹಲ್ಲು

ಬುಲೆಟ್ ಇಟ್ಟುಕೊಂಡವರ ಹತ್ತಿರ ಮಾತಿಗೆ ಕುಳಿತರೆ ಎಂಜಿನ್ನಿನ ಸದ್ದು, ಕಿಕ್ ಹೊಡೆಯುವ ಗತ್ತು, ಪೆಟ್ರೋಲ್ ಟಾಕಿಯ ಮೇಲಿನ ಬಂಗಾರದ ಗೆರೆ, ಇವುಗಳ ವರ್ಣನೆಯಲ್ಲಿಯೇ ಸಂಜೆ ಕಳೆದುಹೋಗುತ್ತದೆ. ಹಿಂದಿನ ಗಾಲಿಯ ಬ್ರೇಕಿನ ವಿಷಯವನ್ನು ಯಾರೂ ಎತ್ತುವುದಿಲ್ಲ. ನಾನೂ ಇಪ್ಪತ್ತು ವರ್ಷ ಎತ್ತಿರಲಿಲ್ಲ. ಎತ್ತುವ ಪ್ರಸಂಗ ಬಂದದ್ದು 2021ರ ಡಿಸೆಂಬರಿನಲ್ಲಿ, ಅಣಶಿ ಘಾಟಿನ ಒಂದು ತಿರುವಿನಲ್ಲಿ.

ಮದುವೆಗೆಂದು ಕಾರವಾರಕ್ಕೆ ಹೊರಟಿದ್ದೆವು. ಹಿಂದೆ ನನ್ನ ಹೆಂಡತಿ, ಅವಳ ತೊಡೆಯ ಮೇಲೆ ಬಟ್ಟೆಯ ಚೀಲ. ಜೋಯಿಡಾ, ಕುಂಬಾರವಾಡ ದಾಟಿ ಇಳಿಜಾರು ಹಿಡಿದ ಮೇಲೆ ಗಾಡಿ ಮೂರನೆಯ ಗೇರಿನಲ್ಲಿ ಹರಿಯುತ್ತಿತ್ತು. ನನ್ನ ಎಡಗಾಲು ಬ್ರೇಕಿನ ಪೆಡಲಿನ ಮೇಲೆ ಕುಳಿತೇ ಇತ್ತು. (ಹಳೆಯ ಬುಲೆಟ್‌ನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಹುಡುಗರಿಗೆ ಇದನ್ನು ಹೇಳಿಯೇ ತಿಳಿಸಬೇಕು.) ಅರ್ಧ ಘಾಟು ಇಳಿಯುವಷ್ಟರಲ್ಲಿ ಏನೋ ಸುಟ್ಟ ವಾಸನೆ ಬಂತು. ಯಾವುದೋ ಲಾರಿಯದ್ದಿರಬೇಕು ಎಂದುಕೊಂಡೆ. ಮುಂದಿನ ತಿರುವಿಗೆ ಪೆಡಲು ಒತ್ತಿದರೆ ಅದು ಸರಾಗವಾಗಿ ಕೆಳಗೆ ಹೋಯಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಎರಡನೆಯ ಗೇರಿಗೆ ತಂದು, ಮುಂದಿನ ಬ್ರೇಕನ್ನು ಹಿಡಿದು, ಕಣಿವೆಯ ಕಡೆ ಬಿಟ್ಟು ಗುಡ್ಡದ ಕಡೆಯ ಚರಂಡಿಗೆ ಗಾಡಿಯನ್ನು ಹೊರಳಿಸಿದೆ. ಇಬ್ಬರೂ ಬಿದ್ದೆವು. ನನಗೆ ತರಚು ಗಾಯ. ಅವಳ ಮೊಣಕಾಲು ಊದಿಕೊಂಡಿತು.

ಹಿಂದಿನಿಂದ ಬಂದ ಜೀಪಿನ ಚಾಲಕ ಇಳಿದು ನೀರು ಕೊಟ್ಟ. ಬಾಟಲಿಯಿಂದ ಎರಡು ಹನಿ ಡ್ರಮ್ಮಿನ ಅಂಚಿಗೂ ಚಿಮುಕಿಸಿದ. ಸುಂಯ್ ಎಂದು ಹಬೆಯೆದ್ದಿತು. "ಬ್ರೇಕ್ ಸುಟ್ಟೈತಿ ನೋಡ್ರಿ. ಘಾಟಿನ್ಯಾಗ ಗೇರಿನ ಮ್ಯಾಲ ಇಳಸ್ಬೇಕ್ರಿ, ಬ್ರೇಕಿನ ಮ್ಯಾಲ ಅಲ್ಲ" ಎಂದ. ಇಪ್ಪತ್ತೈದು ವರ್ಷದಿಂದ ಶಕ್ತಿಯ ರೂಪಾಂತರವನ್ನು ಪಾಠ ಮಾಡಿದವನಿಗೆ ಆ ಹುಡುಗ ಒಂದೇ ಸಾಲಿನಲ್ಲಿ ಅದನ್ನು ತಿಳಿಸಿ ಹೋದ. ಅಂದಿನಿಂದ ಹೆಂಡತಿ ಬುಲೆಟ್ ಹತ್ತುವುದನ್ನು ಬಿಟ್ಟಳು. ನಾನು ಆಮೇಲೆ ಎಷ್ಟು ಲೆಕ್ಕ ಒಪ್ಪಿಸಿದರೂ ಅವಳದ್ದು ಒಂದೇ ಮಾತು: "ನಿಮ್ಮ ವಿಜ್ಞಾನ ಬ್ಯಾರೆ, ನನ್ನ ಮೊಣಕಾಲು ಬ್ಯಾರೆ."

ನಾಲ್ಕು ಊರಿನ ಗಾಡಿ

ಈ ಗಾಡಿ 1972ರ ಮಾದರಿಯ 350 ಸಿ.ಸಿ. ಬುಲೆಟ್. ಇಂಗ್ಲೆಂಡಿನ ರೆಡ್ಡಿಚ್ ಊರಿನ ಕಂಪನಿಯೂ ಮದ್ರಾಸ್ ಮೋಟಾರ್ಸ್‌ನವರೂ 1955ರಲ್ಲಿ ಕೈಜೋಡಿಸಿದ ಮೇಲೆ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ತಯಾರಾಗತೊಡಗಿದ ವಂಶದ್ದು. 1999ರಲ್ಲಿ ದಾಂಡೇಲಿಯ ಒಬ್ಬ ಕಟ್ಟಿಗೆ ಗುತ್ತಿಗೆದಾರರಿಂದ ಕೊಂಡೆ. ಆಗ ನಾನು ಜೋಯಿಡಾ ತಾಲ್ಲೂಕಿನ ಪ್ರೌಢಶಾಲೆಯಲ್ಲಿದ್ದೆ. ಮುಂದೆ ವರ್ಗವಾಗಿ ಮುಂಡಗೋಡ, ಅಲ್ಲಿಂದ ದಾಂಡೇಲಿ, ಈಗ ಹಳಿಯಾಳ. ಹೋದಲ್ಲೆಲ್ಲ ಈ ಫಟಫಟಿ ಜೊತೆಗೇ ಬಂದಿದೆ.

ನಕಾಶೆಯಲ್ಲಿ ಈ ನಾಲ್ಕೂ ಊರು ಒಂದೇ ಜಿಲ್ಲೆಯ ಮೂಲೆಯಲ್ಲಿ ಒತ್ತೊತ್ತಾಗಿ ಕಾಣುತ್ತವೆ. ಗಾಡಿಯ ಮೇಲೆ ಕುಳಿತವನಿಗೆ ಮಾತ್ರ ಅವು ಎರಡು ಬೇರೆ ದೇಶ. ಹಳಿಯಾಳ, ಮುಂಡಗೋಡದ ಕಡೆ ಬತ್ತದ ಗದ್ದೆ, ಗೋವಿನಜೋಳದ ಹೊಲ, ಕಬ್ಬಿನ ಟ್ರಾಲಿ. ಹೆಚ್ಚುಕಡಿಮೆ ಸಪಾಟು ನೆಲ. ಮುಂಡಗೋಡದಿಂದ ಟಿಬೆಟನ್ ಕ್ಯಾಂಪಿನ ಕಡೆಗೆ ಹೋದರೆ ಬ್ರೇಕಿನ ನೆನಪೇ ಆಗುವುದಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆ ದಾಟಿ ಗಣೇಶಗುಡಿಗೆ ಬಂದು, ಸೂಪಾ ಅಣೆಕಟ್ಟನ್ನು ಕಂಡು ಜೋಯಿಡಾ ಕಡೆ ಹತ್ತಿದಿರೋ, ರಸ್ತೆ ಏರು, ಇಳಿತ, ತಿರುವುಗಳ ಪಾಲಾಗುತ್ತದೆ. ಅಣಶಿಯಿಂದ ಕದ್ರಾದವರೆಗಂತೂ ಇಳಿದದ್ದೇ ಇಳಿದದ್ದು.

ಮುಂಡಗೋಡದಲ್ಲಿದ್ದಾಗ ಒಬ್ಬ ಸ್ನೇಹಿತರು ಸಲಹೆ ಕೊಟ್ಟರು: "ಮುಂದಿನ ಸ್ಪ್ರಾಕೆಟ್ 16 ಹಲ್ಲಿನದು ತೆಗೆದು 18ರದ್ದು ಹಾಕಿಸ್ರಿ ಸರ್. ಗಾಡಿ ಹಗುರ ಓಡತದ, ಎಣ್ಣಿ ಉಳಿತದ." ಹಾಕಿಸಿದೆ. ಬುಲೆಟ್‌ನಲ್ಲಿ ಇದು ಚಿಲ್ಲರೆ ಕೆಲಸವಲ್ಲ. ಆ ಸ್ಪ್ರಾಕೆಟ್ ಕ್ಲಚ್ಚಿನ ಹಿಂದೆ ಅಡಗಿರುತ್ತದೆ. ಎಡಗಡೆಯ ಪೆಟ್ಟಿಗೆ ಬಿಚ್ಚಿ, ಪ್ರೈಮರಿ ಚೈನು, ಕ್ಲಚ್ಚು ಹೊರಗೆ ತೆಗೆದ ಮೇಲೆಯೇ ಅದರ ದರ್ಶನ. ಅರ್ಧ ದಿನ ಹಿಡಿಯಿತು. ಆದರೆ ಗಾಡಿ ನಿಜಕ್ಕೂ ಹಗುರವಾಯಿತು. ಅಂದಾಜು ಲೆಕ್ಕದಲ್ಲಿ, ನಾಲ್ಕನೆಯ ಗೇರಿನಲ್ಲಿ ಗಂಟೆಗೆ 60 ಕಿ.ಮೀ. ವೇಗಕ್ಕೆ ಮೊದಲು ಎಂಜಿನ್ನು ನಿಮಿಷಕ್ಕೆ 2,570 ಸುತ್ತು ತಿರುಗಬೇಕಿದ್ದರೆ ಈಗ 2,280 ಸಾಕು. ಸದ್ದು ಇಳಿಯಿತು, ನಡುಕ ಇಳಿಯಿತು. ನಾನು ಬೀಗಿದೆ. ಸಪಾಟು ದೇಶದ ಲೆಕ್ಕವನ್ನು ಘಾಟಿಗೂ ಹೊತ್ತುಕೊಂಡು ಹೋದದ್ದು ನನ್ನದೇ ತಪ್ಪು.

ಇಳಿಜಾರಿನ ಲೆಕ್ಕ

ಹತ್ತನೆಯ ತರಗತಿಯವರಿಗೂ ತಿಳಿಯುವ ಲೆಕ್ಕವಿದು. ಗಾಡಿ, ಇಬ್ಬರು ಸವಾರರು, ಚೀಲ ಸೇರಿ 300 ಕಿಲೊ. ಇಳಿಯುವ ಎತ್ತರ 500 ಮೀಟರ್ ಎಂದು ಇಟ್ಟುಕೊಳ್ಳೋಣ. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ 14 ಲಕ್ಷ 70 ಸಾವಿರ ಜೂಲ್. ಕೊಠಡಿಯ ಉಷ್ಣತೆಯ ನಾಲ್ಕು ಲೀಟರಿಗೂ ಹೆಚ್ಚು ನೀರನ್ನು ಕುದಿಸುವಷ್ಟು ಶಕ್ತಿ ಇದು. ಗಾಡಿ ಕೆಳಗೆ ಬಂದು ನಿಂತಾಗ ಅದೆಲ್ಲ ಎಲ್ಲಿಗೋ ಹೋಗಿರಲೇಬೇಕು. ಗಾಳಿಯ ತಡೆಗೆ ಸ್ವಲ್ಪ, ಟೈರಿಗೆ ಸ್ವಲ್ಪ. ಉಳಿದದ್ದನ್ನು ಎಂಜಿನ್ನು ನುಂಗಬೇಕು, ಇಲ್ಲವೇ ಬ್ರೇಕು ನುಂಗಬೇಕು. ನಾಲ್ಕು ಕಿಲೊ ತೂಕದ ಎರಕದ ಡ್ರಮ್ಮೊಂದೇ ಎಲ್ಲವನ್ನೂ ನುಂಗಿ, ಗಾಳಿಗೆ ಒಂದಿಷ್ಟೂ ಬಿಟ್ಟುಕೊಡದಿದ್ದರೆ ಅದರ ಉಷ್ಣತೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಏರಬೇಕು. ಕೆಂಪಗೆ ಕಾದ ಕಬ್ಬಿಣ! ವಾಸ್ತವದಲ್ಲಿ ಹಾಗಾಗುವುದಿಲ್ಲ, ಆದರೆ ಇನ್ನೂರು ಡಿಗ್ರಿ ಆದರೂ ಸಾಕು, ತೊಂದರೆ ಶುರು.

ತೊಂದರೆ ಎರಡು ಬಗೆಯದು. ಕಾದ ಡ್ರಮ್ಮು ಹಿಗ್ಗುತ್ತದೆ. ಬುಲೆಟ್‌ನ ಹಿಂದಿನ ಡ್ರಮ್ಮು ಆರು ಇಂಚಿನದು, ಅಂದರೆ ಸುಮಾರು 152 ಮಿಲಿಮೀಟರ್. ಇನ್ನೂರು ಡಿಗ್ರಿ ಏರಿದರೆ ಅದರ ಅಡ್ಡಳತೆ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಇಷ್ಟೇತಾನೆ ಎನ್ನಬೇಡಿ. ಒಳಗಿನ ಬ್ರೇಕ್ ಶೂಗಳು ಅಷ್ಟು ದೂರ ಹೆಚ್ಚಿಗೆ ಚಾಚಿಕೊಳ್ಳಬೇಕು. ಸನ್ನೆಗಳ ಲೆಕ್ಕ ದಾಟಿ ಪೆಡಲಿನ ಹತ್ತಿರ ಬರುವ ಹೊತ್ತಿಗೆ ಅದು ದೊಡ್ಡ ಅಂತರವಾಗಿರುತ್ತದೆ. ಪೆಡಲು ಕೆಳಗೆ ಹೋದದ್ದು ಅದಕ್ಕೆ. ಎರಡನೆಯದು, ಲೈನರಿನ ಪುಡಿಯನ್ನು ಹಿಡಿದಿಟ್ಟಿರುವ ರಾಳ ಅತಿಯಾಗಿ ಕಾದಾಗ ಅನಿಲ ಬಿಡುತ್ತದೆ, ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ, ಘರ್ಷಣೆ ಕುಸಿಯುತ್ತದೆ. ಸುಟ್ಟ ವಾಸನೆ ಅದರದ್ದು. ಅದು ಬಂದಾಗಲೇ ನಿಲ್ಲಿಸಿ ಅರ್ಧ ಗಂಟೆ ಕುಳಿತಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಇನ್ನು ಎಂಜಿನ್ನಿನ ಪಾಲು. ಆಕ್ಸಿಲರೇಟರ್ ಬಿಟ್ಟಾಗ ಗಾಲಿಯೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಎಂಜಿನ್ನು ಒಲ್ಲೆನೆಂದು ಎಳೆಯುತ್ತದೆ. ಈ ಎಳೆತ ಗಾಲಿಗೆ ಎಷ್ಟು ಬಲವಾಗಿ ಮುಟ್ಟಬೇಕೆಂಬುದನ್ನು ನಿರ್ಧರಿಸುವುದು ಗೇರು ಮತ್ತು ಸ್ಪ್ರಾಕೆಟ್ಟಿನ ಹಲ್ಲುಗಳ ಅನುಪಾತ. ಹಿಂದೆ 38 ಹಲ್ಲು ಹಾಗೆಯೇ ಇಟ್ಟು, ಮುಂದೆ 16ನ್ನು 18 ಮಾಡಿದಾಗ ಆ ಎಳೆತದಲ್ಲಿ ನೂರಕ್ಕೆ ಹನ್ನೊಂದು ಪಾಲು ಕಡಿಮೆಯಾಯಿತು. ಅದೇ ವೇಗಕ್ಕೆ ಎಂಜಿನ್ನಿನ ಸುತ್ತೂ ಕಡಿಮೆಯಾದ್ದರಿಂದ ಅಲ್ಲಿಯೂ ಒಂದಿಷ್ಟು ಹೋಯಿತು. ಎಂಜಿನ್ನು ಬಿಟ್ಟ ಪಾಲು ಡ್ರಮ್ಮಿನ ಮೇಲೆ ಬಿತ್ತು. ಅಂದರೆ ನಾನು ವೇಗದ ಹಲ್ಲು ಹಾಕಿಸಿದೆ ಎಂದುಕೊಂಡಿದ್ದರೂ, ಲೆಕ್ಕದ ಪ್ರಕಾರ ಬ್ರೇಕಿನ ಒಂದು ತುಂಡನ್ನು ಬಿಚ್ಚಿ ಎಸೆದಿದ್ದೆ. ಗ್ಯಾರೇಜುಗಳಲ್ಲಿ ಸ್ಪ್ರಾಕೆಟ್ಟಿನ ಮಾತು ಬಂದಾಗ ಮೈಲೇಜು, ಪಿಕಪ್ಪು ಎರಡನ್ನೇ ಆಡುತ್ತಾರೆ. ಘಾಟಿನ ಜಿಲ್ಲೆಯಲ್ಲಿ ಸ್ಪ್ರಾಕೆಟ್ಟೂ ಒಂದು ಬ್ರೇಕೇ ಎಂಬುದನ್ನು ಯಾರೂ ಹೇಳುವುದಿಲ್ಲ.

ಹಲ್ಲು ಹೋದರೆ ಡ್ರಮ್ಮೂ ಹೋಯಿತು

ಹಳಿಯಾಳದ ನಮ್ಮ ಮೇಸ್ತ್ರಿ ಗಾಲಿ ಬಿಚ್ಚಿ ಹಿಂದಿನ ಹಲ್ಲುಗಳನ್ನು ತೋರಿಸಿದರು. ನೆಟ್ಟಗಿರಬೇಕಾದ ಹಲ್ಲುಗಳು ಒಂದೇ ಕಡೆ ಬಾಗಿ ಕೊಕ್ಕೆಯಂತಾಗಿದ್ದವು. "ಇದರ ಹಲ್ಲು ಅಷ್ಟ ಬದಲಿ ಮಾಡೂಣು" ಎಂದೆ. ಅವರು ನಕ್ಕರು. "ಮಾಸ್ತರ್ರ, ಬುಲೆಟ್ಟಿನ್ಯಾಗ ಡ್ರಮ್ಮು, ಹಲ್ಲು ಒಂದ ತುಂಡು. ಹಲ್ಲು ಹೋದ್ರ ಡ್ರಮ್ಮೂ ಹೋತು. ಡ್ರಮ್ಮು ಹೋದ್ರ ಹಲ್ಲೂ ಹೋತು."

ಹಳೆಯ ಬುಲೆಟ್‌ನ ವಿಶೇಷವೇ ಇದು. ಬ್ರೇಕ್ ಡ್ರಮ್ಮಿನ ಹೊರ ಅಂಚಿನಲ್ಲಿಯೇ 38 ಹಲ್ಲುಗಳನ್ನು ಎರಕದಲ್ಲಿ ಸೇರಿಸಿಬಿಟ್ಟಿದ್ದಾರೆ. ಒಳಗೆ ಬ್ರೇಕು ಉಜ್ಜುತ್ತದೆ, ಹೊರಗೆ ಚೈನು ಉಜ್ಜುತ್ತದೆ. ಡ್ರಮ್ಮಿಗೂ ಗಾಲಿಯ ಹಬ್ಬಿಗೂ ನಡುವೆ ರಬ್ಬರಿನ ತುಂಡುಗಳಿದ್ದು ಎಂಜಿನ್ನಿನ ಧಕ್ಕೆಯನ್ನು ಅವು ಹೀರಿಕೊಳ್ಳುತ್ತವೆ. ಜೋಡಣೆ ಜಾಣತನದ್ದೇ; ಬಿಡಿಭಾಗ ಕಡಿಮೆ, ಸಡಿಲವಾಗುವ ಬೋಲ್ಟು ಇಲ್ಲ. ಆದರೆ ಹಿಂದಿನ ಹಲ್ಲಿನ ಸಂಖ್ಯೆ ಬದಲಿಸುವ ಸ್ವಾತಂತ್ರ್ಯ ಸವಾರನಿಗಿಲ್ಲ. ಎಲ್ಲರೂ ಮುಂದಿನ ಹಲ್ಲಿಗೇ ಕೈ ಹಾಕುವುದು ಅದಕ್ಕೆ.

ನಮ್ಮ ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳ ರೀತಿ ಬೇರೆ. ಅವುಗಳಲ್ಲಿ ಸ್ಪ್ರಾಕೆಟ್ ಡ್ರಮ್ಮಿನಿಂದ ಪ್ರತ್ಯೇಕ. ಆಕ್ಸಲ್ ಎಳೆದು ಗಾಲಿಯನ್ನು ತೆಗೆದರೂ ಚೈನು, ಸ್ಪ್ರಾಕೆಟ್ಟು ತಮ್ಮ ಜಾಗದಲ್ಲೇ ಉಳಿಯುತ್ತವೆ. ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿರುವುದರಿಂದ ಜೋಯಿಡಾದ ಕೆಂಪು ಕೆಸರು ಅದನ್ನು ಮುಟ್ಟದು. ಈ ವಿಷಯದಲ್ಲಿ ಮೈಸೂರಿನ ಗಾಡಿಗೇ ನನ್ನ ಮತ. ಆದರೆ ಅವು ಎರಡು ಸ್ಟ್ರೋಕಿನವು. ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ನಾಲ್ಕು ಸ್ಟ್ರೋಕಿನ ಬುಲೆಟ್‌ನಷ್ಟು ಸಿಗುವುದಿಲ್ಲ. ಆದ್ದರಿಂದ ಯೆಜ್ಡಿ ಇರುವವರು ಘಾಟು ಇಳಿಯುವ ಮುನ್ನ ಲೈನರುಗಳನ್ನು ಇನ್ನೂ ಹೆಚ್ಚು ಮುತುವರ್ಜಿಯಿಂದ ನೋಡಿಕೊಳ್ಳಬೇಕು.

ಕೊಕ್ಕೆಯಾದ ಹಲ್ಲಿನ ಮೂಲ ಸವೆದ ಚೈನು. ಬುಲೆಟ್‌ನ ಚೈನಿನ ಎರಡು ಪಿನ್ನುಗಳ ನಡುವಿನ ಅಂತರ ಇಂಚಿನ ಎಂಟನೆಯ ಐದು ಭಾಗ, ಅಂದರೆ 15.875 ಮಿ.ಮೀ. ಇಪ್ಪತ್ತು ಕೊಂಡಿ ಎಳೆದು ಅಳೆದರೆ 317.5 ಬರಬೇಕು. 324ರ ಹತ್ತಿರ ಬಂದರೆ ಚೈನಿನ ಆಯುಷ್ಯ ಮುಗಿಯಿತೆಂದೇ ಅರ್ಥ. ಶಾಲೆಯ ಸ್ಕೇಲಿದ್ದರೆ ಸಾಕು, ಯಾವ ಉಪಕರಣವೂ ಬೇಡ. ನನ್ನದು 327 ಇತ್ತು! ಉದ್ದವಾದ ಚೈನು ಹಲ್ಲಿನ ಬುಡದಲ್ಲಿ ಕೂರದೆ ತುದಿಯ ಕಡೆಗೆ ಏರಿ ಕೂರುತ್ತದೆ, ಹಲ್ಲನ್ನು ತಿನ್ನುತ್ತದೆ. ಚೈನು, ಮುಂದಿನ ಹಲ್ಲು, ಹಿಂದಿನ ಹಲ್ಲು ಮೂರನ್ನೂ ಒಟ್ಟಿಗೆ ಬದಲಿಸಬೇಕೆಂದು ಮೇಸ್ತ್ರಿಗಳು ಹೇಳುವುದು ಬಿಲ್ಲು ಬೆಳೆಸಲಿಕ್ಕಲ್ಲ.

ಇಲ್ಲಿ ಲ.ಸಾ.ಅ. ಕಲಿಸುವವರಿಗೆ ಒಂದು ಒಳ್ಳೆಯ ಉದಾಹರಣೆಯಿದೆ. ಚೈನಿನಲ್ಲಿ ನೂರು ಕೊಂಡಿ ಎಂದುಕೊಳ್ಳಿ. ಮುಂದಿನ ಸ್ಪ್ರಾಕೆಟ್ಟಿಗೆ 16 ಹಲ್ಲಿದ್ದರೆ 100 ಮತ್ತು 16ರ ಲ.ಸಾ.ಅ. 400. ಅಂದರೆ ಒಂದು ಹಲ್ಲು ಯಾವಾಗಲೂ ಅದೇ 25 ಕೊಂಡಿಗಳನ್ನೇ ಭೇಟಿಯಾಗುತ್ತಿರುತ್ತದೆ. ಒಂದು ಕೊಂಡಿ ಕೆಟ್ಟರೆ ಆಯ್ದ ಹಲ್ಲುಗಳನ್ನೇ ಮತ್ತೆ ಮತ್ತೆ ಕೆಡಿಸುತ್ತದೆ. 17 ಹಲ್ಲಿದ್ದರೆ ಲ.ಸಾ.ಅ. 1,700, ಪ್ರತಿ ಹಲ್ಲೂ ನೂರೂ ಕೊಂಡಿಗಳನ್ನು ಸರದಿಯಂತೆ ಕಾಣುತ್ತದೆ, ಸವೆತ ಹಂಚಿಹೋಗುತ್ತದೆ. ಹಾಗಾದರೆ ಮುಂದೆ 17 ಹಾಕಿ, ಹಿಂದೆ 40 ಮಾಡಿಸಿದರೆ? 38ನ್ನು 16ರಿಂದ ಭಾಗಿಸಿದರೆ 2.375, 40ನ್ನು 17ರಿಂದ ಭಾಗಿಸಿದರೆ 2.353. ಮೂಲ ಅನುಪಾತಕ್ಕೆ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ. ಎಂಜಿನ್ನಿನ ಹಿಡಿತ ಮರಳಿ ಬರುತ್ತದೆ, ಚೈನೂ ಬಾಳುತ್ತದೆ. ಹಲ್ಲುಗಳ ಮೇಲಿನ ವೃತ್ತದ ಅಡ್ಡಳತೆ 192ರಿಂದ 202 ಮಿ.ಮೀ.ಗೆ ಏರುತ್ತದೆ, ಚೈನಿನ ಕವಚಕ್ಕೆ ತಾಗದಂತೆ ನೋಡಿಕೊಂಡರಾಯಿತು. ಈ ಲೆಕ್ಕ ಕಾಗದದ ಮೇಲೆ ಹೊಂದಿದ ದಿನ ನನಗೆ ನಿದ್ದೆ ಬರಲಿಲ್ಲ.

ಬಂಡಿಯ ಗಾಲಿ ತೋರಿಸಿದ ದಾರಿ

ಕಾಗದದಿಂದ ಕಬ್ಬಿಣಕ್ಕೆ ಬರುವಾಗ ಒಮ್ಮೆ ಎಡವಿದೆ. ಒಂದು ಊರಿನ ಲೇತ್ ಅಂಗಡಿಯವರು ಹಳೆಯ ಹಲ್ಲುಗಳನ್ನು ಕಡಿದು, ಉಕ್ಕಿನ ಹೊಸ ಬಳೆಯನ್ನು ಡ್ರಮ್ಮಿಗೆ ವೆಲ್ಡಿಂಗ್ ಮಾಡಿಕೊಟ್ಟರು. ನೋಡಲು ಚೆನ್ನಾಗಿತ್ತು. ಗಾಲಿ ತಿರುಗಿಸಿದರೆ ಚೈನು ಒಂದು ಕಡೆ ತಂತಿಯಂತೆ ಬಿಗಿ, ಇನ್ನೊಂದು ಕಡೆ ಜೋಲು. ಬಳೆಯ ನಡುಬಿಂದುವೂ ಡ್ರಮ್ಮಿನ ನಡುಬಿಂದುವೂ ಒಂದೇ ಆಗಿರಲಿಲ್ಲ. ಮೇಲಾಗಿ ಎರಕದ ಕಬ್ಬಿಣ ವೆಲ್ಡಿಂಗಿನ ಶಾಖವನ್ನು ತಾಳುವುದಿಲ್ಲ. ಮೂರು ವಾರದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಬ್ರೇಕಿನ ಡ್ರಮ್ಮಿನಲ್ಲಿ ಬಿರುಕು ಎಂದರೆ ಮುಂದಿನ ಮಾತೇ ಇಲ್ಲ, ಗುಜರಿಗೆ ಹಾಕಿದೆ. ಒಪ್ಪಿದ್ದು ನಾನೇ ಆದ್ದರಿಂದ ಯಾರನ್ನೂ ದೂರುವಂತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಹಳೆಯದೊಂದು ಡ್ರಮ್ಮು ಸಿಕ್ಕಿತು. ಹಲ್ಲು ಸವೆದಿತ್ತು, ಒಳಮೈ ಗಟ್ಟಿಯಾಗಿತ್ತು. ಅದನ್ನು ಚೀಲದಲ್ಲಿ ಹಾಕಿಕೊಂಡು ಬೆಳಗಾವಿಯ ಉದ್ಯಮಬಾಗಕ್ಕೆ ಹೋದೆ. ಎರಕದ ಮತ್ತು ಯಂತ್ರಭಾಗಗಳ ಕಾರ್ಖಾನೆಗಳೇ ತುಂಬಿರುವ ಆ ಬಡಾವಣೆಯಲ್ಲಿ ಒಬ್ಬ ಹಿರಿಯ ಟರ್ನರ್ ನನ್ನ ಚೀಟಿಯನ್ನು ನೋಡಿ, "ವೆಲ್ಡಿಂಗ್ ಬ್ಯಾಡ್ರಿ ಸರ, ಬಂಡಿ ಗಾಲಿಗಿ ಪಟ್ಟಿ ತೊಡಿಸಿದಂಗ ತೊಡಸೂಣು" ಎಂದರು.

ಹಳ್ಳಿಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎತ್ತಿನ ಬಂಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವಾಗ ಕಮ್ಮಾರ ಪಟ್ಟಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡಿರುತ್ತಾನೆ. ಕುರುಳಿನ ಬೆಂಕಿಯಲ್ಲಿ ಕಾಸಿದಾಗ ಅದು ಹಿಗ್ಗುತ್ತದೆ. ಇಕ್ಕಳದಲ್ಲಿ ಹಿಡಿದು ಗಾಲಿಗೆ ಇಳಿಸಿ ನೀರು ಹೊಯ್ದರೆ ಕುಗ್ಗಿ ಜನ್ಮಕ್ಕೆ ಬಿಡದಂತೆ ಕಚ್ಚಿಕೊಳ್ಳುತ್ತದೆ. ಇಲ್ಲಿಯೂ ಅದೇ ತತ್ತ್ವ, ನೀರು ಹೊಯ್ಯುವುದೊಂದನ್ನು ಬಿಟ್ಟು. ಡ್ರಮ್ಮಿನ ಹಲ್ಲುಗಳನ್ನು ತೆಗೆದು ಹೊರ ಅಂಚನ್ನು ಸುಮಾರು 175 ಮಿ.ಮೀ.ಗೆ ಕಡೆದರು. ಇಎನ್ 8 ಉಕ್ಕಿನ 40 ಹಲ್ಲಿನ ಬಳೆಯ ಒಳ ಅಡ್ಡಳತೆ ಅದಕ್ಕಿಂತ 0.15 ಮಿ.ಮೀ. ಕಡಿಮೆ. ಬಳೆಯನ್ನು 200 ಡಿಗ್ರಿಯವರೆಗೆ ಕಾಸಿದಾಗ ಅದು 0.38 ಮಿ.ಮೀ.ನಷ್ಟು ಹಿಗ್ಗಿ ಸಲೀಸಾಗಿ ಜಾರಿ ಕುಳಿತಿತು, ಆರಿದಾಗ ಕಚ್ಚಿತು. ಭದ್ರತೆಗೆಂದು ಎರಡರ ಸಂದಿನಲ್ಲಿ ಅರ್ಧ ಬಳೆಗೆ, ಅರ್ಧ ಡ್ರಮ್ಮಿಗೆ ಬರುವಂತೆ ಆರು ಕಡೆ ರಂಧ್ರ ಕೊರೆದು ಸ್ಕ್ರೂ ಪಿನ್ನು ಹಾಕಿದರು. ಬ್ರೇಕು ಕಾದಾಗ ಬಳೆ ಸಡಿಲವಾಗದೇ ಎಂದು ಕೇಳಿದೆ. ಮೊದಲು ಕಾಯುವುದು ಒಳಗಿನ ಡ್ರಮ್ಮು, ಅದು ಹಿಗ್ಗಿದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ ಎಂದರು. ಮಾಸ್ತರನಾದ ನನಗೆ ಹೊಳೆಯಬೇಕಾಗಿತ್ತು.

ಅವರು ಮಾಡಿದ ಇನ್ನೊಂದು ಮುಖ್ಯ ಕೆಲಸ, ಡ್ರಮ್ಮನ್ನು ಲೇತಿನಲ್ಲಿ ಒಮ್ಮೆ ಹಿಡಿದ ಮೇಲೆ ಬಿಡದೆ ಒಳಮೈಯನ್ನೂ ಹೊರ ಅಂಚನ್ನೂ ಅದೇ ಹಿಡಿತದಲ್ಲಿ ಕಡೆದದ್ದು. ಎರಡಕ್ಕೂ ನಡುಬಿಂದು ಒಂದೇ ಆಯಿತು. ಮನೆಗೆ ತಂದು ಗಾಲಿಗೆ ಹಾಕಿ ತಿರುಗಿಸಿದರೆ ಚೈನಿನ ಜೋಲು ಎಲ್ಲ ಕಡೆಯೂ ಒಂದೇ ಸಮ.

ಬ್ರೇಕಿನ ಒಳಗೆ

ಲೈನರುಗಳ ವಿಷಯಕ್ಕೆ ಬಂದರೆ ಮೊದಲು ಧೂಳಿನ ಮಾತು. ಗ್ಯಾರೇಜಿನ ಹುಡುಗ ಡ್ರಮ್ಮು ಬಿಚ್ಚಿದ ಕೂಡಲೇ ಬಾಯಿಂದ ಉಫ್ ಎಂದು ಊದಿದ. ಗದರಿಸಿ ದೂರ ಸರಿಸಿದೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆಗಳು ಕಣ್ಣಿಗೆ ಕಾಣುವುದಿಲ್ಲ, ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಹತ್ತಾರು ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲವು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಕಂಪ್ರೆಸರಿನ ಗಾಳಿ ಬಿಡುವುದಂತೂ ಇಡೀ ಗ್ಯಾರೇಜಿಗೇ ಉಣಬಡಿಸಿದಂತೆ. ಆ ಹುಡುಗನಿಗೆ ಹದಿನೆಂಟೂ ತುಂಬಿರಲಿಲ್ಲ. ಬೈಕಿನ ಯಾವ ಭಾಗಕ್ಕಿಂತಲೂ ಆ ಎದೆ ದುಬಾರಿ. ಈಗ ಅವನು ಬಕೆಟ್ಟು, ಬಟ್ಟೆ ಇಟ್ಟುಕೊಂಡಿದ್ದಾನೆ. ನಾನು ಹೋದಾಗಲಾದರೂ ಬಳಸುತ್ತಾನೆ.

ಕಲ್ನಾರಿಲ್ಲದ ಹೊಸ ಲೈನರು ತಂದೆವು. ಹೊಸ ಶೂಗಳನ್ನು ಹಾಗೆಯೇ ಹಾಕಿದರೆ ಡ್ರಮ್ಮಿಗೆ ಅಲ್ಲಲ್ಲಿ ಮಾತ್ರ ತಾಗುತ್ತವೆ. ಸೀಮೆಸುಣ್ಣವನ್ನು ಡ್ರಮ್ಮಿನ ಒಳಮೈಗೆ ಸವರಿ, ಶೂ ಒತ್ತಿ ತಿರುಗಿಸಿ, ಬಿಳಿ ಹತ್ತಿದಲ್ಲಿ ಮಾತ್ರ ನಯವಾಗಿ ಉಜ್ಜುತ್ತಾ ಹೋದರೆ ಕೊನೆಗೆ ಪೂರ್ತಿ ಮೈ ಕೂಡುತ್ತದೆ. ಒಂದು ಭಾನುವಾರ ಇದಕ್ಕೇ ಹೋಯಿತು. ಈ ಉಜ್ಜುವ ಕೆಲಸಕ್ಕೂ ಮುಖಕ್ಕೆ ಬಟ್ಟೆ ಬೇಕು.

ಸಲಾಕೆ ಎಳೆಯುವ ಕ್ಯಾಮಿನ ಕೈಯನ್ನು ಯಾರೂ ಗಮನಿಸುವುದಿಲ್ಲ. ಬ್ರೇಕು ಹಿಡಿದ ಸ್ಥಿತಿಯಲ್ಲಿ ಸಲಾಕೆಗೂ ಆ ಕೈಗೂ ನಡುವೆ 90 ಡಿಗ್ರಿ ಕೋನವಿರಬೇಕು. ನನ್ನ ಗಾಡಿಯಲ್ಲಿ ಲೈನರು ಸವೆದಂತೆ ನಟ್ಟು ತಿರುವುತ್ತಾ ತಿರುವುತ್ತಾ ಅದು 130 ಡಿಗ್ರಿಗೆ ಹೋಗಿತ್ತು. ಸೈನ್ ಕೋಷ್ಟಕ ತೆಗೆದು ನೋಡಿ: 0.766. ನಾನು ಒತ್ತಿದ ಬಲದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ದಂಡವಾಗುತ್ತಿತ್ತು. ಕೈಯನ್ನು ಕ್ಯಾಮಿನಿಂದ ಕಳಚಿ ಒಂದು ಹಲ್ಲು ಹಿಂದೆ ಸರಿಸಿ ಕೂರಿಸಿದ್ದಷ್ಟೇ, ಒಂದು ರೂಪಾಯಿ ಖರ್ಚಿಲ್ಲ. ಇನ್ನೊಂದು ಸಲಹೆ ಬಂದಿತ್ತು, ಕೈಯನ್ನೇ ಒಂದು ಇಂಚು ಉದ್ದ ಮಾಡಿಸಿ ಎಂದು. ಬಲ ಹೆಚ್ಚುವುದು ನಿಜ, ಆದರೆ ಪೆಡಲಿನ ಓಟ ಅಷ್ಟೇ ಉಳಿದಿರುವಾಗ ಶೂಗಳು ಚಾಚುವ ದೂರ ಕಡಿಮೆಯಾಗುತ್ತದೆ. ಡ್ರಮ್ಮು ಕಾದು ಹಿಗ್ಗಿದ ಹೊತ್ತಿನಲ್ಲಿ ಬೇಕಾಗುವುದು ಆ ದೂರವೇ. ಬೇಡವೆಂದೆ.

ಆಕ್ಸಲಿನ ನಟ್ಟು ಬಿಗಿಯುವ ಮುನ್ನ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಆಗ ಶೂಗಳು ಡ್ರಮ್ಮಿನ ನಡುವೆ ತಾವೇ ಜಾಗ ಹುಡುಕಿಕೊಳ್ಳುತ್ತವೆ. ಒಬ್ಬರು ಒತ್ತಬೇಕು, ಒಬ್ಬರು ಬಿಗಿಯಬೇಕು. ನಮ್ಮ ಮನೆಯಲ್ಲಿ ಒತ್ತಿದವಳು ಹೆಂಡತಿ, ಒಳ್ಳೆಯ ಮೊಣಕಾಲಿನಿಂದ.

ಡ್ರಮ್ಮಿಗೆ ಗಾಳಿಯಾಡಲು ರಂಧ್ರ ಕೊರೆಸಿ ಎಂದವರೂ ಇದ್ದರು. ಪಂದ್ಯದ ಗಾಡಿಗಳಿಗೆ ಅದು ಸರಿ. ಜೋಯಿಡಾದ ಮಳೆಗಾಲದಲ್ಲಿ ರಂಧ್ರದಿಂದ ಒಳಗೆ ಹೋಗುವುದು ಗಾಳಿಯಲ್ಲ, ನೀರು ಮತ್ತು ಮಣ್ಣು. ಹಳ್ಳ ದಾಟಿದ ಮೇಲೆ ಪೆಡಲನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಹೋಗಿ ಒಣಗಿಸಿಕೊಳ್ಳುವ ಅಭ್ಯಾಸ ನಮ್ಮ ಕಡೆಯ ಸವಾರರಿಗೆಲ್ಲ ಇದೆ; ಅದಕ್ಕಿಂತ ಹೆಚ್ಚು ನೀರು ನಮಗೆ ಬೇಡ.

ಡಿಸ್ಕ್ ಬ್ರೇಕನ್ನೇ ಹಾಕಿಸಿಬಿಡಿ ಎನ್ನುವವರಿಗೆ ಎರಡು ಮಾತು. ಡಿಸ್ಕು ಉತ್ತಮ ಎಂಬುದರಲ್ಲಿ ಎರಡು ಮಾತಿಲ್ಲ. ಅದು ತೆರೆದ ಗಾಳಿಯಲ್ಲಿ ಆರುತ್ತದೆ, ಕಾದು ದಪ್ಪವಾದರೂ ಪ್ಯಾಡಿನ ಕಡೆಗೇ ಬರುತ್ತದೆ. ಆದರೆ ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. ಹಳೆಯ ಚೌಕಟ್ಟಿಗೆ ಹೊಸ ಕ್ಯಾಲಿಪರಿನ ಆಧಾರವನ್ನು ವೆಲ್ಡಿಂಗ್ ಮಾಡುವುದೂ ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ವಿಷಯ: 2021ರ ಜುಲೈನಲ್ಲಿ ಕೇಂದ್ರದ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚೌಕಟ್ಟು ಎಂಜಿನ್ನು ಮೂಲರೂಪದಲ್ಲಿಯೇ ಇರುವ ವಾಹನಕ್ಕೆ 'ವಿಂಟೇಜ್' ಎಂದು ಪ್ರತ್ಯೇಕ ನೋಂದಣಿ ಪಡೆಯಬಹುದು. ಆದರೆ ಹಾಗೆ ಪಡೆದ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನಕ್ಕೆ ಇಟ್ಟುಕೊಳ್ಳುವವರಿಗೆ ಅದು ಸರಿ. ನನ್ನದು ಶಾಲೆಗೆ, ಸಂತೆಗೆ, ಹೊಲಕ್ಕೆ ಹೋಗುವ ಗಾಡಿ. ನಾನು ಆ ಗೋಜಿಗೆ ಹೋಗಲಿಲ್ಲ. ಅದರ ಮೊದಲಿನ ಡ್ರಮ್ಮಿನಲ್ಲಿ ಒಂದು ಹಲ್ಲಿನ ಗುರುತೂ ಉಳಿದಿಲ್ಲ, ಗುಜರಿಗೆ ಹೋಯಿತೆಂದು ಆಗಲೇ ಹೇಳಿದೆನಲ್ಲ. ಮೂಲರೂಪದ ಮೋಹವಿರುವವರು ಹಳೆಯದನ್ನು ಎಣ್ಣೆ ಸವರಿ ಅಟ್ಟದಲ್ಲಿಟ್ಟು, ಬೇರೆ ಡ್ರಮ್ಮಿನ ಮೇಲೆ ಪ್ರಯೋಗ ಮಾಡುವುದು ಲೇಸು.

2023ರ ಜನವರಿಯಲ್ಲಿ ಒಂಟಿಯಾಗಿ ಮೂರು ಸಲ ಅಣಶಿ ಇಳಿದು ಹತ್ತಿದೆ. ಎರಡನೆಯ ಗೇರು, ಆಕ್ಸಿಲರೇಟರ್ ಬಿಟ್ಟದ್ದು, ತಿರುವಿಗೆ ಮುಂಚೆ ಮುಂದಿನ ಬ್ರೇಕು ಹಿಂದಿನ ಬ್ರೇಕು ಎರಡನ್ನೂ ಸ್ವಲ್ಪ ಹೊತ್ತು ಒತ್ತಿ ಪೂರ್ತಿ ಬಿಡುವುದು. ಸದ್ದು ಹೆಚ್ಚು, ಎಂಜಿನ್ನು ಗುರುಗುಡುತ್ತದೆ. ಹಿಂದಿನಿಂದ ಬಂದ ಹೊಸ ಗಾಡಿಗಳ ಹುಡುಗರು ಹಾರನ್ ಹೊಡೆದು ದಾಟಿ ಹೋಗುತ್ತಾರೆ. ಹೋಗಲಿ.

ಫೆಬ್ರುವರಿಯಲ್ಲಿ ಕಾರವಾರದ ಅದೇ ಮನೆಯಲ್ಲಿ ನಾಮಕರಣ ಬಂತು. ಬಸ್ಸಿನ ವೇಳೆ ಕೇಳಿಕೊಂಡು ಬಂದಿದ್ದ ಹೆಂಡತಿ ಹೊರಡುವ ಬೆಳಿಗ್ಗೆ ಏನೂ ಹೇಳದೆ ಚೀಲ ಹಿಡಿದು ಹಿಂದೆ ಹತ್ತಿ ಕುಳಿತಳು. ನಾವು ಬಿದ್ದಿದ್ದ ತಿರುವಿನ ಹತ್ತಿರ ಬಂದಾಗ ನನ್ನ ಭುಜ ತಟ್ಟಿ ನಿಲ್ಲಿಸಲು ಹೇಳಿದಳು. ಇಳಿದು, ಬಾಟಲಿಯ ಮುಚ್ಚಳದಲ್ಲಿ ಸ್ವಲ್ಪ ನೀರು ತೆಗೆದುಕೊಂಡು ಡ್ರಮ್ಮಿನ ಅಂಚಿಗೆ ಹನಿಸಿದಳು. ಹನಿ ಸುಮ್ಮನೆ ಜಾರಿ ಕೆಳಗೆ ಬಿತ್ತು. ಇನ್ನೊಂದು ಹನಿಸಿ ನೋಡಿದಳು. ಮುಚ್ಚಳ ತಿರುವಿ ಚೀಲಕ್ಕೆ ಹಾಕಿಕೊಂಡು, "ನಡೀರಿ, ಹೊತ್ತಾತು" ಎಂದು ಮತ್ತೆ ಹತ್ತಿದಳು.